ಊಟಿಗೆ ಮೊದಲು ನಮ್ಮ ಕೋಟೆಗಳಿಗೆ ಹೋಗೋಣ

ಕಾಲೇಜು ಪ್ರವಾಸದ ಮಾತು ಬಂದಾಗಲೆಲ್ಲ ಕೇಳಿಬರುವ ಹೆಸರುಗಳು ಎರಡು ಮೂರೇ. ಮೈಸೂರು, ಊಟಿ, ಹೆಚ್ಚೆಂದರೆ ಗೋವಾ. ಈ ವರ್ಷ ನನ್ನದೊಂದು ಬೇಡಿಕೆ ಇದೆ. ಮೊದಲು ಚನ್ನಗಿರಿ ಕೋಟೆ, ಸಂತೇಬೆನ್ನೂರಿನ ಹೊಂಡ ಮತ್ತು ಚಿತ್ರದುರ್ಗದ ಕೋಟೆಯನ್ನು ನೋಡೋಣ. ಊಟಿ ಎಲ್ಲಿಗೂ ಓಡಿಹೋಗುವುದಿಲ್ಲ.

ಮೊದಲ ಕಾರಣ ಬಹಳ ಸರಳ. ನನ್ನ ತರಗತಿಯ ಎಷ್ಟೋ ಹುಡುಗಿಯರಿಗೆ ಮೂರು ದಿನದ ಪ್ರವಾಸಕ್ಕೆ ಮನೆಯಲ್ಲಿ ಒಪ್ಪಿಗೆ ಸಿಗುವುದಿಲ್ಲ. ಕೆಲವರಿಗೆ ಒಪ್ಪಿಗೆ ಸಿಕ್ಕರೂ ದುಡ್ಡು ಹೊಂದುವುದಿಲ್ಲ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು ಮಗ್ರಿಬ್ ಹೊತ್ತಿಗೆ ಮನೆ ಸೇರುವ ಪ್ರವಾಸವಾದರೆ ಅಬ್ಬಾ, ಅಮ್ಮಿ ಬೇಡ ಎನ್ನುವುದಿಲ್ಲ. ಹೊನ್ನಾಳಿ, ನ್ಯಾಮತಿ ಕಡೆಯವರೂ ಬರಬಹುದು, ಜಗಳೂರು ಕಡೆಯವರೂ ಬರಬಹುದು. ಜಗಳೂರು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತಲ್ಲವೇ?

ಎರಡನೆಯ ಕಾರಣ ಹೇಳಲು ಸ್ವಲ್ಪ ಕಷ್ಟ. ಹೈಸ್ಕೂಲಿನಲ್ಲಿದ್ದಾಗ ನಾವು ಚಿತ್ರದುರ್ಗಕ್ಕೆ ಹೋಗಿದ್ದೆವು. ಒನಕೆ ಕಿಂಡಿಯ ಮುಂದೆ ನಿಂತಾಗ, ಹೈದರಾಲಿಯ ಸೈನಿಕರು ಇಲ್ಲಿಂದಲೇ ನುಸುಳಿದರು ಎಂದು ಗೈಡ್ ಹೇಳಿದರು. ಕೂಡಲೇ ಇಬ್ಬರು ನನ್ನ ಕಡೆ ತಿರುಗಿ ನೋಡಿದರು. ‘ನಿಮ್ಮವರು’ ಎಂದು ಒಬ್ಬಳು ನಕ್ಕಳು. ತಮಾಷೆಗೇ ಇರಬಹುದು. ಆದರೆ ಆ ಹೊತ್ತಿನಲ್ಲಿ ನಾನು ಓಬವ್ವನ ಕಡೆಗಿದ್ದೆ. ಗಂಡ ಊಟಕ್ಕೆ ಕೂತಾಗ ನೀರು ತರಲು ಹೋದ ಹೆಂಗಸು ಒನಕೆ ಹಿಡಿದು ಸೈನ್ಯವನ್ನೇ ತಡೆದಳೆಂದರೆ ಯಾವ ಹುಡುಗಿಗೆ ಅಭಿಮಾನ ಬರುವುದಿಲ್ಲ?

ಆಮೇಲೆ ಓದಿದಾಗ ತಿಳಿದದ್ದು, ಆ ಕಾಲದ ಯುದ್ಧ ‘ನಿಮ್ಮವರು, ನಮ್ಮವರು’ ಎನ್ನುವಷ್ಟು ಸುಲಭದ್ದಲ್ಲ. 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಗೆದ್ದದ್ದು ನಿಜ. ಅದಕ್ಕೆ ಮೊದಲು ಬಂಕಾಪುರ, ನಿಜಗಲ್ಲಿನ ಕಾಳಗಗಳಲ್ಲಿ ಚಿತ್ರದುರ್ಗದ ಸೈನ್ಯ ಹೈದರಾಲಿಗೆ ನೆರವಾಗಿದ್ದೂ ನಿಜ. ಮದಕರಿ ನಾಯಕರ ಸೇವೆಯಲ್ಲಿ ಮುಸ್ಲಿಂ ಅಧಿಕಾರಿಗಳಿದ್ದರು. ಹೈದರಾಲಿಯ ಸೇವೆಯಲ್ಲಿ ಪೂರ್ಣಯ್ಯನವರಿದ್ದರು. ಅರಸರು ರಾಜ್ಯಕ್ಕಾಗಿ ಕಾದಾಡಿದರು. ಅವರ ಲೆಕ್ಕವನ್ನು ಇಂದು ಬೆಂಚಿನಲ್ಲಿ ಪಕ್ಕಪಕ್ಕ ಕೂರುವ ನಾವು ತೀರಿಸಬೇಕಾಗಿಲ್ಲ.

ನಮ್ಮ ಚನ್ನಗಿರಿಯನ್ನೇ ನೋಡಿ. ಊರಿನ ಹೆಸರು ಬಂದದ್ದು ಕೆಳದಿಯ ರಾಣಿ ಚೆನ್ನಮ್ಮನಿಂದ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದ ರಾಣಿ ಅವಳು. ಇದೇ ಚನ್ನಗಿರಿಯಲ್ಲಿ ಹುಟ್ಟಿದ ಮರಾಠ ಯೋಧ ಧೋಂಡಿಯ ವಾಘ್ ಹೈದರಾಲಿಯ ಸೈನ್ಯ ಸೇರಿದ್ದ. ಮುಂದೆ ಟಿಪ್ಪು ಅವನನ್ನು ಸೆರೆಯಲ್ಲಿಟ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊರಬಂದು, ಟಿಪ್ಪುವಿನ ಸೈನ್ಯದಲ್ಲಿ ಉಳಿದವರನ್ನೇ ಕೂಡಿಸಿಕೊಂಡು ಕಂಪನಿಯ ವಿರುದ್ಧ ನಿಂತ. 1800ರ ಸೆಪ್ಟೆಂಬರ್ 10ರಂದು ಆರ್ಥರ್ ವೆಲ್ಲೆಸ್ಲಿಯ ಸೈನ್ಯದೆದುರು ಹೋರಾಡುತ್ತ ಸತ್ತ. ಇವನು ಯಾರವನು? ನಮ್ಮ ಊರಿನವನು ಎಂದರೆ ಸಾಲದೇ?

ಸಂತೇಬೆನ್ನೂರಿನ ಕಥೆ ಇನ್ನೂ ಬಿರುಸು. ಹನುಮಪ್ಪ ನಾಯಕನ ಹೊಂಡ ಮತ್ತು ಅದರ ಪಕ್ಕದ ಮುಸಾಫಿರಖಾನ ಎರಡನ್ನೂ ಇಂದು ಕೇಂದ್ರದ ಪುರಾತತ್ವ ಇಲಾಖೆ ಕಾಪಾಡುತ್ತಿದೆ. ಬಿಜಾಪುರದ ಸೈನ್ಯ ಅಲ್ಲಿದ್ದ ಗುಡಿಯನ್ನು ಕೆಡವಿದ್ದು, ನಾಯಕ ಅದಕ್ಕೆ ಸೇಡು ತೀರಿಸಿಕೊಂಡದ್ದು ಎರಡನ್ನೂ ಹಿರಿಯರು ಹೇಳುತ್ತಾರೆ. ಇದನ್ನು ಮುಚ್ಚಿಡುವುದು ಬೇಡ. ಎರಡನ್ನೂ ಒಟ್ಟಿಗೆ ನಿಂತು ಕೇಳೋಣ. ಮೊಬೈಲಿಗೆ ಬರುವ ಅರ್ಧ ಕಥೆಗಿಂತ ಜಾಗದಲ್ಲಿ ನಿಂತು ಕೇಳಿದ ಪೂರ್ತಿ ಕಥೆ ಮೇಲು.

ಸೋತವರು ಗೆದ್ದವರ ಕೋಟೆಯನ್ನು ತಮ್ಮದೆನ್ನಬಹುದೇ ಎಂದು ಕೇಳುವವರಿಗೆ ವೇಲ್ಸ್ ದೇಶದ ಉದಾಹರಣೆ ಕೊಡುತ್ತೇನೆ. ಇಂಗ್ಲೆಂಡಿನ ಪಕ್ಕದ ಈ ಪುಟ್ಟ ನಾಡನ್ನು 1282-83ರಲ್ಲಿ ಒಂದನೇ ಎಡ್ವರ್ಡ್ ರಾಜ ಗೆದ್ದ. ಅಲ್ಲಿಯ ಜನ ಮತ್ತೆ ತಲೆ ಎತ್ತಬಾರದೆಂದು ಕಾನ್ವಿ, ಕರ್ನಾರ್ವನ್, ಹಾರ್ಲೆಕ್ ಮುಂತಾದ ಕಡೆ ಕೋಟೆ ಕಟ್ಟಿಸಿದ. 1986ರಲ್ಲಿ ಅವು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಇಂದು ಅವುಗಳನ್ನು ನೋಡಿಕೊಳ್ಳುವುದು ವೇಲ್ಸ್ ಸರ್ಕಾರದ ‘ಕಾಡೂ’ ಎಂಬ ಸಂಸ್ಥೆ. ವೇಲ್ಸ್ ಭಾಷೆಯಲ್ಲಿ ಆ ಪದಕ್ಕೆ ‘ಕಾಪಾಡು’ ಎಂದರ್ಥ. ತಮ್ಮನ್ನು ತುಳಿಯಲು ಕಟ್ಟಿದ ಗೋಡೆಗಳನ್ನೇ ಆ ಜನ ಜೋಪಾನ ಮಾಡಿ ಜಗತ್ತಿಗೆ ತೋರಿಸುತ್ತಿದ್ದಾರೆ. ಕೋಟೆ ಕೊನೆಗೆ ಕಟ್ಟಿಸಿದವನಿಗೂ ಉಳಿಯಲಿಲ್ಲ, ಗೆದ್ದವನಿಗೂ ಉಳಿಯಲಿಲ್ಲ. ಅದನ್ನು ಹತ್ತಿ, ನೋಡಿ, ಕಾಪಾಡುವವರಿಗೆ ಉಳಿಯಿತು.

ಪಿಯುಸಿ ಎಂದರೆ ಬೋರ್ಡ್ ಪರೀಕ್ಷೆ, ಸಿಇಟಿ, ನೀಟ್. ಪ್ರವಾಸಕ್ಕೆ ಸಮಯ ಎಲ್ಲಿದೆ ಎಂದು ನಮ್ಮ ಉಪನ್ಯಾಸಕರು ಕೇಳಬಹುದು. ಒಂದೇ ದಿನ ಸಾಕು, ಸರ್. ಕೋಟೆ ಇತಿಹಾಸದವರಿಗೆ ಮಾತ್ರ ಅಲ್ಲ. ಚಿತ್ರದುರ್ಗದ ಮೇಲಿನ ಹೊಂಡಗಳ ನೀರು ಒಂದರಿಂದ ಒಂದಕ್ಕೆ ಇಳಿದು ಊರಿನ ಸಂತೆ ಹೊಂಡದವರೆಗೆ ಬರುವಂತೆ ಮಾಡಿದ್ದಾರೆ, ಅದು ಭೌತಶಾಸ್ತ್ರದವರಿಗೆ. ಮದ್ದು ಅರೆಯುತ್ತಿದ್ದ ದೊಡ್ಡ ಬೀಸುವ ಕಲ್ಲುಗಳು ರಸಾಯನಶಾಸ್ತ್ರದವರಿಗೆ. ಬರಗಾಲದ ಸೀಮೆಯಲ್ಲಿ ಬಂಡೆಯ ಮೇಲೆ ನೀರು ಹಿಡಿದಿಟ್ಟ ಜಾಣತನ ನಮ್ಮೆಲ್ಲರಿಗೆ.

ಹೋದಾಗ ಎರಡು ನಿಯಮ ಇರಲಿ. ಕಲ್ಲಿನ ಮೇಲೆ ಯಾರೂ ಹೆಸರು ಕೆತ್ತಬಾರದು. ಸಂರಕ್ಷಿತ ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು ಕಾನೂನೇ ಹೇಳುತ್ತದೆ. ಎರಡನೆಯದು, ತಂದ ಬಾಟಲಿ, ಚಿಪ್ಸ್ ಪ್ಯಾಕೆಟ್ ಎಲ್ಲವೂ ನಮ್ಮ ಚೀಲದಲ್ಲೇ ವಾಪಸ್ ಬರಬೇಕು.

ಪ್ರಾಂಶುಪಾಲರು ಒಪ್ಪಿದರೆ ಪಕ್ಕದ ಸರ್ಕಾರಿ ಕಾಲೇಜಿನವರನ್ನೂ ಕರೆಯೋಣ. ಒನಕೆ ಕಿಂಡಿಯ ಮುಂದೆ ಎರಡೂ ಕಾಲೇಜಿನ ಹುಡುಗಿಯರು ಒಟ್ಟಿಗೆ ನಿಂತು ಓಬವ್ವನ ಕಥೆ ಕೇಳಲಿ. ಹೆಸರು ಕೊಡುವವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಬರೆದುಕೊಳ್ಳಿ.