ಪಟ್ಟಿಯಲ್ಲಿ ಹೆಸರುಂಟಾ ಮಾಷ್ಟ್ರೇ?

ಕಳೆದ ತಿಂಗಳು ರಕ್ಷಕ-ಶಿಕ್ಷಕ ಸಂಘದ ಸಭೆ ಮುಗಿದು ಚಾ ಕುಡಿಯುತ್ತಿದ್ದೆವು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಬಣ್ಣಬಣ್ಣದ ಪುಸ್ತಿಕೆಯೊಂದನ್ನು ತಂದು ಮೇಜಿನ ಮೇಲಿಟ್ಟರು. ಮಗನ ಡಿಗ್ರಿ ಮುಗಿದಿದೆ, ಇನ್ನು ಕೆನಡಾಕ್ಕೆ ಹೋಗುತ್ತಾನಂತೆ. ಅಡಿಕೆ ತೋಟದ ಮೇಲೆ ಸಾಲ ತೆಗೆಯಬೇಕು. "ಲೋಕದ ಮೊದಲ ಐವತ್ತರಲ್ಲಿ ಮೂರು ಕೆನಡಾದ್ದೇ ಉಂಟಲ್ಲ ಮಾಷ್ಟ್ರೇ, ಮತ್ತೆಂತ ಹೆದರಿಕೆ?" ಎಂದರು. ಮುಖಪುಟದಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದ ಹಳೆಯ ಕಲ್ಲಿನ ಕಟ್ಟಡ. ಆದರೆ ಹುಡುಗನಿಗೆ ಸೀಟು ಸಿಕ್ಕಿದ್ದು ಬೇರೆಯೇ ಒಂದು ಕಾಲೇಜಿನಲ್ಲಿ. ಅದರ ಹೆಸರು ಆ ಪುಸ್ತಿಕೆಯಲ್ಲೇ ಅಚ್ಚಾದ ಪಟ್ಟಿಯಲ್ಲೂ ಇರಲಿಲ್ಲ!

ಆ ತಂದೆಯನ್ನು ನಾವು ದೂರುವುದಿಲ್ಲ. ನಮ್ಮ ಅಧ್ಯಾಪಕರ ಕೊಠಡಿಯಲ್ಲೂ ಇದೇ ರೋಗವಿದೆ. ಪತ್ರಿಕೆಯಲ್ಲಿ ರ‍್ಯಾಂಕಿಂಗ್ ಬಂದ ದಿನ ಅದನ್ನು ಕತ್ತರಿಸಿ ಸೂಚನಾ ಫಲಕಕ್ಕೆ ಅಂಟಿಸುವವರು ನಾವೇ. ವರ್ಷವಿಡೀ ಮಕ್ಕಳಿಗೆ ಅಂಕ ಹಾಕುವ ನಾವು, ಈ ಅಂಕ ಯಾವ ಪ್ರಶ್ನೆಪತ್ರಿಕೆಗೆ ಬಂದದ್ದು ಎಂದು ಒಮ್ಮೆಯೂ ಕೇಳಿಲ್ಲ.

ಈಗಲಾದರೂ ಕೇಳೋಣ. 2003ರಲ್ಲಿ ಶುರುವಾದ ಶಾಂಘೈ ಪಟ್ಟಿಯನ್ನು ನೋಡಿ. ನೂರರಲ್ಲಿ 30 ಅಂಕ ನೊಬೆಲ್ ಪ್ರಶಸ್ತಿ ಮತ್ತು ಫೀಲ್ಡ್ಸ್ ಪದಕಗಳಿಗೆ: ಹಳೆಯ ವಿದ್ಯಾರ್ಥಿಗಳು ಗೆದ್ದದ್ದಕ್ಕೆ 10, ಅಧ್ಯಾಪಕರು ಗೆದ್ದದ್ದಕ್ಕೆ 20. 'ನೇಚರ್', 'ಸೈನ್ಸ್' ಎಂಬ ಎರಡೇ ಪತ್ರಿಕೆಗಳಲ್ಲಿ ಬಂದ ಲೇಖನಗಳಿಗೆ ಇನ್ನೂ 20. ತರಗತಿಯಲ್ಲಿ ಪಾಠ ಹೇಗೆ ನಡೆಯುತ್ತದೆ ಎಂಬುದಕ್ಕೆ ಸೊನ್ನೆ. ಕ್ಯೂಎಸ್ ಪಟ್ಟಿಯಲ್ಲಿ ಬಹಳ ವರ್ಷ ಅರ್ಧ ಅಂಕ ಬೇರೆ ಕಡೆಯ ಪ್ರಾಧ್ಯಾಪಕರ ಮತ್ತು ಉದ್ಯೋಗದಾತರ ಅಭಿಪ್ರಾಯಕ್ಕೇ ಮೀಸಲಾಗಿತ್ತು, ಈಗ ಅದು 45. ಅಂದರೆ ಹೆಸರಿದ್ದವರಿಗೆ ಹೆಸರಿದೆ ಎಂದು ಅಂಕ! ಟೈಮ್ಸ್ ಪಟ್ಟಿಯಲ್ಲಿ ರ‍್ಯಾಂಕು ಬೇಕಾದರೆ ಐದು ವರ್ಷಗಳಲ್ಲಿ ಕನಿಷ್ಠ ಸಾವಿರ ಸಂಶೋಧನಾ ಲೇಖನಗಳಾದರೂ ಇರಬೇಕು. ಸಣ್ಣ ಸಂಸ್ಥೆ ಪಾಠ ಹೇಳುವುದರಲ್ಲಿ ಎಷ್ಟೇ ಗಟ್ಟಿಯಾಗಿದ್ದರೂ ಪರೀಕ್ಷೆಯ ಕೋಣೆಯೊಳಗೇ ಬಿಡುವುದಿಲ್ಲ.

ಈ ಪರೀಕ್ಷೆಯಲ್ಲಿ ಟೊರಾಂಟೊ ಗೆಲ್ಲುವುದು ನ್ಯಾಯವೇ. 1921ರಲ್ಲಿ ಇನ್ಸುಲಿನ್ ಕಂಡುಹಿಡಿದದ್ದು ಅಲ್ಲಿ, 2024ರ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಜೆಫ್ರಿ ಹಿಂಟನ್ ಅಲ್ಲಿಯವರು. ಮಾಂಟ್ರಿಯಲ್‌ನ ಮೆಕ್‌ಗಿಲ್‌ನಲ್ಲಿ 1898ರಿಂದ 1907ರವರೆಗೆ ರುದರ್‌ಫೋರ್ಡ್ ಇದ್ದರು. ನಮ್ಮ ಹತ್ತನೆಯ ತರಗತಿಯ ಮಕ್ಕಳೂ ಬಲ್ಲ ಹೆಸರು. ಆದರೆ ಟೊರಾಂಟೊದಲ್ಲಿ ಈಗ ಒಂದು ಲಕ್ಷದ ಹತ್ತಿರ ವಿದ್ಯಾರ್ಥಿಗಳಿದ್ದಾರೆ. ಮೊದಲ ವರ್ಷದ ಕೆಲವು ತರಗತಿಗಳಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಕೂರುತ್ತಾರೆ. ಹಿಂಟನ್ ಅವರ ನೊಬೆಲ್ ಹಿಂದಿನ ಸಾಲಿನಲ್ಲಿ ಕೂತ ಹುಡುಗನ ಸಂದೇಹ ಬಗೆಹರಿಸುತ್ತದೆಯೇ?

ಕೆನಡಾದವರು ತಮ್ಮ ಮಕ್ಕಳನ್ನು ಎಲ್ಲಿಗೆ ಕಳುಹಿಸುತ್ತಾರೆ ಎಂದು ನೋಡಿದರೆ ಚಿತ್ರ ಬೇರೆ. ಹೆಚ್ಚಿನ ಮಕ್ಕಳು ತಮ್ಮದೇ ಪ್ರಾಂತ್ಯದಲ್ಲಿ ಓದುತ್ತಾರೆ. ಶಿಕ್ಷಣ ಅಲ್ಲಿ ಪ್ರಾಂತ್ಯದ ವಿಷಯ, ವಿಶ್ವವಿದ್ಯಾನಿಲಯಗಳಲ್ಲಿ ಹೆಚ್ಚಿನವು ಸರಕಾರದ ಹಣದಿಂದ ನಡೆಯುವಂಥವು. ಆದ್ದರಿಂದ ಒಂದಕ್ಕೂ ಇನ್ನೊಂದಕ್ಕೂ ಆಕಾಶ-ಭೂಮಿಯ ಅಂತರವಿಲ್ಲ. ಅಲ್ಲಿನ 'ಮ್ಯಾಕ್ಲೀನ್ಸ್' ಪತ್ರಿಕೆ 1991ರಿಂದ ತನ್ನದೇ ಪಟ್ಟಿ ಮಾಡುತ್ತಿದೆ. ಅದು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದಿಲ್ಲ. ವೈದ್ಯಕೀಯ ಮತ್ತು ದೊಡ್ಡ ಸಂಶೋಧನೆಯವು ಒಂದು ಗುಂಪು, ನಡುವಿನವು ಒಂದು, ಮುಖ್ಯವಾಗಿ ಪದವಿ ತರಗತಿ ನಡೆಸುವವು ಇನ್ನೊಂದು. ಈ ಕೊನೆಯ ಗುಂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಮೊದಲು ಬಂದದ್ದು ಮೌಂಟ್ ಆಲಿಸನ್. ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಸ್ಯಾಕ್‌ವಿಲ್ ಎಂಬ ಸಣ್ಣ ಊರು, ಎರಡು ಸಾವಿರ ಚಿಲ್ಲರೆ ವಿದ್ಯಾರ್ಥಿಗಳು. 1875ರಲ್ಲಿ ಇಡೀ ಬ್ರಿಟಿಷ್ ಸಾಮ್ರಾಜ್ಯದಲ್ಲೇ ಮೊದಲ ಬಾರಿಗೆ ಒಬ್ಬ ಮಹಿಳೆಗೆ, ಗ್ರೇಸ್ ಆನಿ ಲಾಕ್‌ಹಾರ್ಟ್ ಅವರಿಗೆ, ಬ್ಯಾಚುಲರ್ ಪದವಿ ಕೊಟ್ಟದ್ದು ಈ ಸಂಸ್ಥೆ. ಐವತ್ತಕ್ಕೂ ಹೆಚ್ಚು ರೋಡ್ಸ್ ವಿದ್ಯಾರ್ಥಿವೇತನಗಳು ಇಲ್ಲಿಯವರಿಗೆ ಸಿಕ್ಕಿವೆ. ನಮ್ಮ ಆ ಪುಸ್ತಿಕೆಯಲ್ಲಿ ಹುಡುಕಿದೆವು, ಇಲ್ಲ!

ಮ್ಯಾಕ್ಲೀನ್ಸ್ ಪಟ್ಟಿಯೇನು ವೇದವಾಕ್ಯವಲ್ಲ. 2006ರಲ್ಲಿ ಟೊರಾಂಟೊ ಸೇರಿ 11 ವಿಶ್ವವಿದ್ಯಾನಿಲಯಗಳು ಒಟ್ಟಾಗಿ ಇನ್ನು ಮಾಹಿತಿ ಕೊಡುವುದಿಲ್ಲ ಎಂದು ಪತ್ರ ಬರೆದಿದ್ದವು. ಲೋಕದ ಪಟ್ಟಿಯಲ್ಲಿ ಮೇಲಿದ್ದರೆ ಹೆಮ್ಮೆಯಿಂದ ಸಾರುವ ದೊಡ್ಡವರಿಗೂ ಮನೆಯ ಪಟ್ಟಿಯ ಲೆಕ್ಕಾಚಾರ ಸರಿಕಾಣಲಿಲ್ಲ ನೋಡಿ.

ನಮ್ಮಂಥವರಿಗೆ ಇನ್ನೂ ಹತ್ತಿರದ ಮಾತೊಂದಿದೆ. ಅದೇ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಮಾಂಕ್ಟನ್ ವಿಶ್ವವಿದ್ಯಾನಿಲಯವಿದೆ, 1963ರದ್ದು. ಇಂಗ್ಲಿಷಿನವರೇ ಹೆಚ್ಚಿರುವ ಆ ಪ್ರಾಂತ್ಯದಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಜನ ಫ್ರೆಂಚ್ ಮಾತಾಡುವ ಅಕೇಡಿಯನ್ನರು. ಅವರ ಹಿರಿಯರನ್ನು 1755ರಲ್ಲಿ ಬ್ರಿಟಿಷರು ಆ ನೆಲದಿಂದಲೇ ಓಡಿಸಿದ್ದರು. ಅವರಿಗೆ ಈ ವಿಶ್ವವಿದ್ಯಾನಿಲಯ ಎಂದರೆ ತಮ್ಮ ಭಾಷೆಯಲ್ಲೇ ಓದಿ ವಕೀಲರಾಗಲು, ಮಾಷ್ಟ್ರಾಗಲು, ದಾದಿಯಾಗಲು ಇರುವ ಬಾಗಿಲು. ಇಂಗ್ಲಿಷ್ ಮೂಲದ 'ಕಾಮನ್ ಲಾ'ವನ್ನು ಫ್ರೆಂಚಿನಲ್ಲಿ ಕಲಿಸುವ ಕಾನೂನು ವಿಭಾಗವನ್ನು ಅಲ್ಲಿ 1978ರಲ್ಲಿ ತೆರೆದರು. ಕೋರ್ಟಿನಲ್ಲಿ ಕಕ್ಷಿದಾರನ ಭಾಷೆಯಲ್ಲಿ ವಾದಿಸುವವರು ತಯಾರಾದರು. ಇದಕ್ಕೆ ಯಾವ ಲೋಕದ ಪಟ್ಟಿಯಲ್ಲಿ ಎಷ್ಟು ಅಂಕ?

ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಕೆನಡಾದಲ್ಲೇ ಉದಾಹರಣೆಯಿದೆ. ಒಂಟಾರಿಯೊದ ಸಡ್‌ಬರಿಯಲ್ಲಿ ಇಂಗ್ಲಿಷ್-ಫ್ರೆಂಚ್ ಎರಡರಲ್ಲೂ ಕಲಿಸುವ ಲಾರೆನ್ಷಿಯನ್ ವಿಶ್ವವಿದ್ಯಾನಿಲಯ 2021ರ ಫೆಬ್ರವರಿಯಲ್ಲಿ ಸಾಲ ತೀರಿಸಲಾರೆ ಎಂದು ಕೋರ್ಟಿಗೆ ಹೋಯಿತು. ಏಪ್ರಿಲ್‌ನಲ್ಲಿ 69 ಕೋರ್ಸುಗಳು ರದ್ದಾದವು, ಅವುಗಳಲ್ಲಿ 28 ಫ್ರೆಂಚಿನವು. ಲೋಕದ ಪಟ್ಟಿಗಳ ಮೇಲ್ಸಾಲು ಅದರಿಂದ ಕೂದಲೆಳೆಯಷ್ಟೂ ಅಲುಗಲಿಲ್ಲ. ಆದರೆ ಅಲ್ಲಿನ ಫ್ರೆಂಚ್ ಮನೆಗಳ ಮಕ್ಕಳಿಗೆ ಓದುತ್ತಿದ್ದ ವಿಷಯವೇ ಇಲ್ಲವಾಯಿತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಒಂದೊಂದೇ ಡಿವಿಜನ್ ಉಳಿಸಿಕೊಳ್ಳಲು ತಲೆ ಎಣಿಸುತ್ತಾ ಬಂದ ನಮಗೆ ಇದನ್ನು ವಿವರಿಸಿ ಹೇಳಬೇಕೇ? "ಕನ್ನಡ ಮೀಡಿಯಂಗೆ ಹೊರಗೆ ಎಂತ ಹೆಸರುಂಟು?" ಎಂದು ನಮ್ಮನ್ನು ಕೇಳುವವರು ಹಿಡಿದದ್ದೂ ಅದೇ ತಕ್ಕಡಿ.

"ಹೊರಗೆ ಹೆಸರಿದ್ದರೆ ನಾಳೆ ಕೆಲಸ ಸಿಗುತ್ತದಲ್ಲ" ಎನ್ನುವವರಿಗೆ ನಮ್ಮ ಉತ್ತರ: ಹೌದು, ಸ್ವಲ್ಪ ಮಟ್ಟಿಗೆ. ಊರಿಗೆ ಮರಳಿ ಬಂದು ಸಂದರ್ಶನಕ್ಕೆ ಕೂರುವಾಗ ಟೊರಾಂಟೊ, ಮೆಕ್‌ಗಿಲ್ ಎಂದರೆ ಎಲ್ಲರಿಗೂ ಗೊತ್ತು. ಆದರೆ ವಾಟರ್‌ಲೂ ವಿಶ್ವವಿದ್ಯಾನಿಲಯ ಲೋಕದ ಪಟ್ಟಿಯಲ್ಲಿ ಸಾಮಾನ್ಯವಾಗಿ ನೂರರ ಆಚೆಗೇ ಇರುತ್ತದೆ. ಕೆನಡಾದಲ್ಲೋ ಎಂಜಿನಿಯರಿಂಗ್, ಗಣಿತ, ಕಂಪ್ಯೂಟರ್ ಎಂದರೆ ಮೊದಲು ಬಾಯಿಗೆ ಬರುವ ಹೆಸರುಗಳಲ್ಲಿ ಅದೊಂದು. ಒಂದು ಅವಧಿ ಓದು, ಒಂದು ಅವಧಿ ಸಂಬಳದ ಕೆಲಸ ಎಂಬ ಕ್ರಮವನ್ನು ಅದು 1957ರಲ್ಲಿ ಹುಟ್ಟಿದಂದಿನಿಂದ ನಡೆಸಿಕೊಂಡು ಬಂದಿದೆ. ಕೆಲಸ ಕೊಡುವವರು ಹುಡುಗರನ್ನು ಕಣ್ಣಾರೆ ನೋಡಿದ್ದಾರೆ, ಪಟ್ಟಿ ನೋಡಬೇಕಾಗಿಲ್ಲ.

ಡಿಪ್ಲೊಮಾ ಕೊಡುವ ಕಾಲೇಜುಗಳನ್ನೂ ನಾವು ಹೀಗಳೆಯುವುದಿಲ್ಲ. ವಯರಿಂಗ್, ವೆಲ್ಡಿಂಗ್ ಕಲಿಸುವ ಒಳ್ಳೆಯ ಕಾಲೇಜಿಗೆ ಅಲ್ಲಿನ ಊರಿನಲ್ಲಿ ಗೌರವವಿದೆ. ತಕರಾರು ಇರುವುದು ಟೊರಾಂಟೊದ ಫೋಟೋ ತೋರಿಸಿ ಇನ್ನೊಂದರ ಸೀಟು ಮಾರುವುದಕ್ಕೆ. 2023ರಲ್ಲಿ ಹೆಚ್ಚಾಗಿ ಪಂಜಾಬಿನ ಮಕ್ಕಳು ನಕಲಿ ಪ್ರವೇಶ ಪತ್ರ ನಂಬಿ ಹೋಗಿ ಗಡೀಪಾರಿನ ಬಾಗಿಲಿಗೆ ಬಂದು ನಿಂತಿದ್ದರು. 2024ರ ಜನವರಿಯಲ್ಲಿ ಕೆನಡಾ ಸರಕಾರ ಹೊಸ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹೇರಿತು. ಬ್ಯಾಂಕಿನಲ್ಲಿ ತೋರಿಸಬೇಕಾದ ಜೀವನವೆಚ್ಚವನ್ನು 10,000 ಡಾಲರಿನಿಂದ 20,635ಕ್ಕೆ ಏರಿಸಿತು. ಸರಕಾರಿ ಕಾಲೇಜಿನ ಪಠ್ಯವನ್ನು ಖಾಸಗಿಯವರು ನಡೆಸುವ ಕಡೆ ಆಮೇಲೆ ಹೊಸದಾಗಿ ಸೇರಿದವರಿಗೆ, ಓದಿನ ನಂತರದ ಕೆಲಸದ ಪರವಾನಗಿಯೇ ಇಲ್ಲವೆಂದಿತು. ತೋಟ ಅಡವಿಡುವವರಿಗೆ ತಿಳಿಯಬೇಕಾದ ಸಂಗತಿ ಇದು. ಪುಸ್ತಿಕೆಯಲ್ಲಿ ಇದರ ಒಂದು ಸಾಲೂ ಇರಲಿಲ್ಲ.

ಆ ತಂದೆಗೆ ಪುಸ್ತಿಕೆಯ ಹಿಂಬದಿಯಲ್ಲಿ ನಾಲ್ಕು ಪ್ರಶ್ನೆ ಬರೆದುಕೊಟ್ಟೆವು. ಕಾಲೇಜು ಸರಕಾರದ್ದೋ ಖಾಸಗಿಯೋ? ಓದಿದ ಮೇಲೆ ಕೆಲಸದ ಪರವಾನಗಿ ಸಿಗುತ್ತದೋ? ಅದೇ ಕೋರ್ಸಿಗೆ ಆ ಊರಿನ ಮಕ್ಕಳು ಎಷ್ಟು ಮಂದಿ ಸೇರಿದ್ದಾರೆ? ಮುಖಪುಟದ ಕಟ್ಟಡ ಯಾರದ್ದು? ಮೊನ್ನೆ ಅವರು ಫೋನ್ ಮಾಡಿದ್ದರು. ಸೀಟು ಕೊಡಿಸುವ ಕಚೇರಿಯವರು ಮೊದಲ ಎರಡಕ್ಕೆ ಮುಂದಿನ ವಾರ ಹೇಳುತ್ತೇವೆ ಎಂದಿದ್ದಾರಂತೆ. ಮೂರನೆಯದಕ್ಕೆ ಉತ್ತರವಿಲ್ಲ. ನಾಲ್ಕನೆಯದಕ್ಕೆ ಕೊಂಚ ಸಿಟ್ಟು ಬಂತಂತೆ. ಸಾಲದ ಅರ್ಜಿ ಸದ್ಯ ಅವರ ಮನೆಯ ಕಪಾಟಿನಲ್ಲಿದೆ.