ಬ್ಯಾಗ್ ರೆಡಿ ಇದೆ, ಎತ್ಕೊಂಡು ಎಲ್ಲಿಗೆ ಹೋಗೋದು?

2025ರ ಮೇ ಮೊದಲ ವಾರ ನಿಮ್ಮ ಫೋನಿಗೂ ಆ ಪಟ್ಟಿ ಬಂದಿರುತ್ತೆ. ಟಾರ್ಚ್, ಮೇಣದಬತ್ತಿ, ಪವರ್ ಬ್ಯಾಂಕ್, ಒಣಹಣ್ಣು, ಮೂರು ದಿನಕ್ಕಾಗುವಷ್ಟು ನೀರು, ಮಾತ್ರೆ, ಒಂದಿಷ್ಟು ನಗದು. ಗಡಿಯಲ್ಲಿ ಉದ್ವಿಗ್ನತೆ ಇತ್ತು. ಮೇ 7ರಂದು ದೇಶದಾದ್ಯಂತ ‘ಆಪರೇಷನ್ ಅಭ್ಯಾಸ್’ ಹೆಸರಲ್ಲಿ ಅಣಕು ಕವಾಯತು ನಡೆದು ಬೆಂಗಳೂರಲ್ಲೂ ಸೈರನ್ ಕೂಗಿತು. ಫ್ಯಾಮಿಲಿ ಗ್ರೂಪುಗಳಲ್ಲಿ ‘ಎಮರ್ಜೆನ್ಸಿ ಬ್ಯಾಗ್’ ಅನ್ನೋ ಮಾತು ಎರಡು ವಾರ ಓಡಾಡಿತು, ಆಮೇಲೆ ನಿಂತಿದ್ದ ಐಪಿಎಲ್ ಮತ್ತೆ ಶುರುವಾಯ್ತು, ಎಲ್ಲರೂ ಮರೆತರು.

ನಾನು ಮರೆಯಲಿಲ್ಲ. ಇಂಜಿನಿಯರಿಂಗ್ ಓದಿದವರ ಚಾಳಿ ಅದು, ಪಟ್ಟಿ ಕಂಡರೆ ಟಿಕ್ ಹಾಕಬೇಕು ಅನ್ಸುತ್ತೆ. ಒಂದು ಬ್ಯಾಗ್ ತುಂಬಿಸಿ, ಮುಂಗಾರು ಶುರುವಾಗೋ ಮೊದಲು ಎಚ್.ಡಿ. ಕೋಟೆ ಕಡೆ ಹೋದಾಗ ಸರಗೂರಿನ ಹತ್ತಿರ ಕಬಿನಿ ದಂಡೆಯ ಹಳ್ಳಿಯಲ್ಲಿರೋ ದೊಡ್ಡಮ್ಮನಿಗೆ ಕೊಟ್ಟೆ. ಒಂದೊಂದೇ ಸಾಮಾನು ತೆಗೆದು ತೋರಿಸಿದೆ. ಪೂರ್ತಿ ಕೇಳಿಸಿಕೊಂಡ ಮೇಲೆ ದೊಡ್ಡಮ್ಮ ಕೇಳಿದ್ದು ಒಂದೇ ಪ್ರಶ್ನೆ:

“ಎಲ್ಲಾ ಸರಿ ಕಣ್ ಮಗ, ಇದ್ನ ಎತ್ಕಂಡು ಎಲ್ಲಿಗ್ ಹೋಗದು? ಅದ್ನೂ ಬರ್ದವ್ರಾ ಅದ್ರಲ್ಲಿ?”

ಬರೆದಿರಲಿಲ್ಲ. ಆ ಪಟ್ಟಿಯನ್ನ ಮತ್ತೆ ಮತ್ತೆ ಓದಿದೆ. ಏನೇನು ತಗೊಂಡು ಹೋಗಬೇಕು ಅಂತ ಇತ್ತು. ಎಲ್ಲಿಗೆ, ಯಾವ ದಾರಿಯಲ್ಲಿ, ಯಾರ ಗಾಡಿಯಲ್ಲಿ ಅಂತ ಒಂದು ಸಾಲೂ ಇರಲಿಲ್ಲ.

ಈ ಪಟ್ಟಿಯ ಮೂಲ ಪಶ್ಚಿಮದ ದೇಶಗಳು. ಸ್ವೀಡನ್ 2024ರ ನವೆಂಬರ್‌ನಲ್ಲಿ, ಬಿಕ್ಕಟ್ಟು ಅಥವಾ ಯುದ್ಧ ಬಂದರೆ ಏನು ಮಾಡಬೇಕು ಅನ್ನೋ ಕಿರುಹೊತ್ತಿಗೆಯನ್ನ 50 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹಂಚಿತು. 2025ರ ಮಾರ್ಚ್‌ನಲ್ಲಿ ಯುರೋಪಿಯನ್ ಒಕ್ಕೂಟವೂ ಪ್ರತಿ ಮನೆ 72 ಗಂಟೆ ಸ್ವಂತ ಬಲದ ಮೇಲೆ ಇರೋಕೆ ತಯಾರಿರಲಿ ಎಂದಿತು. ನಮ್ಮ ವಾಟ್ಸಾಪಿಗೆ ಬಂದಿದ್ದು ಇಂಥವುಗಳ ಮೇಲ್ಪದರ ಮಾತ್ರ. ಸ್ವೀಡನ್‌ನಲ್ಲಿ ಸುಮಾರು 64 ಸಾವಿರ ರಕ್ಷಣಾ ನೆಲೆಗಳಿವೆ. ಹತ್ತಿರದ ನೆಲೆ ಎಲ್ಲಿದೆ ಅಂತ ಅಲ್ಲಿನ ನಾಗರಿಕ ಹುಡುಕಿಕೊಳ್ಳಬಹುದು. ಅಂದರೆ ಅಲ್ಲಿ ಬ್ಯಾಗ್ ಅನ್ನೋದು ಒಂದು ವ್ಯವಸ್ಥೆಯ ಕೊನೆಯ ತುಂಡು. ನಮಗೆ ಬಂದಿದ್ದು ಆ ತುಂಡು ಮಾತ್ರ, ವ್ಯವಸ್ಥೆ ಅಲ್ಲೇ ಉಳೀತು.

ಕೋಟೆ ಭಾಗದ ಅಪಾಯದ ಲೆಕ್ಕ ಬೇರೆ. ಕಬಿನಿ ಜಲಾಶಯದ ಸಾಮರ್ಥ್ಯ 19.52 ಟಿಎಂಸಿ, ಗರಿಷ್ಠ ಮಟ್ಟ 2284 ಅಡಿ. 49 ಟಿಎಂಸಿಯ ಕೆಆರ್‌ಎಸ್ ಪಕ್ಕ ಇಟ್ಟರೆ ಇದು ಸಣ್ಣ ಪಾತ್ರೆ. ಆದರೆ ಇದಕ್ಕೆ ಬರೋ ನೀರು ವಯನಾಡಿನ ಮಳೆಯದ್ದು. ಸಣ್ಣ ಪಾತ್ರೆಗೆ ದೊಡ್ಡ ಕೊಡದಿಂದ ಸುರಿದ ಹಾಗೆ. ಅದಕ್ಕೇ ರಾಜ್ಯದಲ್ಲಿ ಕಬಿನಿ ಬೇಗ ತುಂಬುತ್ತೆ, ತುಂಬಿದ ಮೇಲೆ ಬಂದಷ್ಟನ್ನೂ ಬಿಡಲೇಬೇಕಾಗುತ್ತೆ. ಕೋಟೆಯಲ್ಲಿ ಮೋಡವೇ ಇಲ್ಲದ ದಿನ ನದಿ ಉಕ್ಕಬಹುದು. ‘ಮಳೆ ಜೋರಾದ್ರೆ ಹೊರಡೋಣ’ ಅಂತ ಕಾಯೋರು ಇಲ್ಲಿ ಮೋಸ ಹೋಗ್ತಾರೆ.

2018 ಮತ್ತು 2019ರ ಆಗಸ್ಟ್ ನೆನಪಿರಬೇಕು. ಬೀಚನಹಳ್ಳಿಯಲ್ಲಿ ಜಲಾಶಯದ ಮುಂದಿನ ಸೇತುವೆ ಮುಳುಗಿ ಬಿದರಹಳ್ಳಿ, ಎನ್. ಬೇಗೂರು ಕಡೆಯ ಸಂಪರ್ಕ ಕಡಿದುಹೋಯಿತು. ಕೆಳಗೆ ನಂಜನಗೂಡಿನ ಬಳಿ ಮಲ್ಲನಮೂಲೆ ಮಠದ ಹತ್ತಿರ ಊಟಿ ರಸ್ತೆಯ ಮೇಲೆ ನೀರು ಹರಿಯಿತು. ಆ ಕಡೆ ಲಕ್ಷ್ಮಣತೀರ್ಥ ಹುಣಸೂರಿನ ತಗ್ಗು ಬಡಾವಣೆಗಳಿಗೆ ನುಗ್ಗಿತು. ಅಲ್ಲಿ ಬ್ಯಾಗಿನ ತಲೆನೋವು ಯಾರಿಗೂ ಇರಲಿಲ್ಲ, ದಾರಿಯೇ ಇರಲಿಲ್ಲ.

ಇನ್ನೊಂದು ಸಂಗತಿ. ವಯನಾಡಿನ ಬಾಣಾಸುರ ಸಾಗರದ ನೀರು ಬಂದು ಸೇರೋದು ಕಬಿನಿಗೇ. 2018ರಲ್ಲಿ ಅದರ ಶಟರುಗಳನ್ನ ಸರಿಯಾದ ಮುನ್ಸೂಚನೆ ಕೊಡದೆ ತೆರೆದರು ಅಂತ ವಯನಾಡಿನಲ್ಲೇ ದೊಡ್ಡ ಗಲಾಟೆಯಾಯ್ತು. ಅಲ್ಲಿಯ ಜನಕ್ಕೇ ಸುದ್ದಿ ತಲುಪದಿದ್ದರೆ, ಗಡಿ ದಾಟಿ, ಮಲಯಾಳಂನಿಂದ ಕನ್ನಡಕ್ಕೆ ಬಂದು, ಆಮೇಲೆ ಸರಗೂರಿನ ಹೊಳೆದಂಡೆಗೆ ತಲುಪೋದು ಯಾವಾಗ? (2024ರ ಜುಲೈ 30ರ ಚೂರಲ್‌ಮಲ, ಮುಂಡಕ್ಕೈ ಭೂಕುಸಿತದ ನೀರು ನಮ್ಮ ಕಡೆ ಬರಲಿಲ್ಲ, ಆ ಹೊಳೆ ಪಶ್ಚಿಮಕ್ಕೆ ಚಾಲಿಯಾರ್ ಸೇರುತ್ತೆ. ಸತ್ತವರಲ್ಲಿ ನಮ್ಮ ಚಾಮರಾಜನಗರ, ಮಂಡ್ಯ ಮೂಲದ ಕೂಲಿ ಕುಟುಂಬದವರೂ ಇದ್ದರು.)

ಸುದ್ದಿ ತಲುಪಿಸೋಕೆ ತಂತ್ರಜ್ಞಾನ ಇಲ್ಲ ಅಂತಲ್ಲ. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಫೋನುಗಳೆಲ್ಲ ಒಟ್ಟಿಗೆ ಕಿರುಚಿದ್ದು ನೆನಪಿದೆಯಾ? ಅದು ಸೆಲ್ ಬ್ರಾಡ್‌ಕಾಸ್ಟ್ ಪರೀಕ್ಷೆ. ಯಾರ ನಂಬರೂ ಬೇಕಿಲ್ಲ, ಒಂದು ಟವರಿನ ವ್ಯಾಪ್ತಿಯಲ್ಲಿರೋ ಫೋನುಗಳಿಗೆ ಒಂದೇ ಏಟಿಗೆ ಸಂದೇಶ ಹೋಗುತ್ತೆ. ಒಳ್ಳೇ ವ್ಯವಸ್ಥೆ, ಮೆಚ್ಚಬೇಕು. ಆದರೆ ಅದಕ್ಕೆ ಟವರ್ ಬೇಕು, ಟವರಿಗೆ ಕರೆಂಟ್ ಬೇಕು. ಕಾಡಂಚಿನಲ್ಲಿ ಗಾಳಿಮಳೆಗೆ ಲೈನ್ ಹೋದರೆ ಟವರಿನ ಬ್ಯಾಟರಿ ಎಷ್ಟು ಗಂಟೆ ಎಳೆಯುತ್ತೋ ಅಷ್ಟೇ. ಡಿ.ಬಿ. ಕುಪ್ಪೆ ಕಡೆ ಹೋದವರಿಗೆ ಗೊತ್ತು, ಅಲ್ಲಿ ನೆಟ್‌ವರ್ಕ್ ಅನ್ನೋದು ಹವಾಮಾನದ ಥರ. ಹಾಗಾಗಿ ನಾನು ಕೊಟ್ಟ ಪವರ್ ಬ್ಯಾಂಕ್ ದೊಡ್ಡಮ್ಮನಿಗೆ ಸುಮ್ಮನೆ ಭಾರ. ಅವರ ಕೀಪ್ಯಾಡ್ ಫೋನ್ ಒಮ್ಮೆ ಚಾರ್ಜ್ ಮಾಡಿದರೆ ಐದಾರು ದಿನ ಬರುತ್ತೆ.

ನೀರಿನದ್ದೂ ಅಷ್ಟೇ. ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಅಂತಾರೆ. ನಾಲ್ಕು ಜನ, ಮೂರು ದಿನ, 36 ಲೀಟರ್, ಅಂದ್ರೆ 36 ಕೆಜಿ. ಒಂದು ಮಗು, ಒಬ್ಬ ವಯಸ್ಸಾದವರು ಇರೋ ಮನೆಯಲ್ಲಿ ಇದನ್ನ ಹೊರೋರು ಯಾರು? ಅದರ ಬದಲು ಆಶಾ ಕಾರ್ಯಕರ್ತೆಯಿಂದ ನಾಲ್ಕು ಕ್ಲೋರಿನ್ ಮಾತ್ರೆ ಕೇಳಿ ಇಟ್ಟುಕೊಂಡರೆ ಜೇಬಲ್ಲೇ ಕೂರುತ್ತೆ. ಬಿಪಿ, ಶುಗರ್, ಸಿಕಲ್ ಸೆಲ್ ಇರೋರು ಹದಿನೈದು ದಿನದ ಮಾತ್ರೆ ಬೇರೆ ಇಡಬೇಕು, ಇದರಲ್ಲಿ ರಾಜಿ ಬೇಡ. ಉಳಿದಂತೆ ಟಾರ್ಚು, ಹೊದಿಕೆ, ಬೆಂಕಿಪೊಟ್ಟಣ, ಹುರಿಗಡಲೆ, ಬೆಲ್ಲ ಇಷ್ಟು ಸಾಕು. ಒಣಹಣ್ಣು ಯಾಕೆ ಬೇಕು ಅಂತ ನನಗೆ ಈಗಲೂ ಗೊತ್ತಿಲ್ಲ.

ನನ್ನ ಪ್ರಕಾರ ನಮ್ಮ ಕಡೆಯ ಬ್ಯಾಗಿನಲ್ಲಿ ಮೊದಲು ಹೋಗಬೇಕಾದದ್ದು ಕಾಗದ.

ನೀರು ಇಳಿದ ಮೇಲೆ ಶುರುವಾಗೋದು ಎರಡನೇ ವಿಪತ್ತು. 2019ರ ಪ್ರವಾಹದಲ್ಲಿ ತುರ್ತು ಪರಿಹಾರ ಅಂತ ಕುಟುಂಬಕ್ಕೆ 10 ಸಾವಿರ ರೂಪಾಯಿ ಕೊಟ್ಟರು, ವಿಪತ್ತು ನಿಧಿಯ 3,800ಕ್ಕೆ ರಾಜ್ಯ 6,200 ಸೇರಿಸಿ. ಬಿದ್ದ ಮನೆಗಳನ್ನ ಎ, ಬಿ, ಸಿ ಅಂತ ವಿಂಗಡಿಸಿ, ಪೂರ್ತಿ ಹೋದ ಮನೆಗೆ 5 ಲಕ್ಷ ಅಂತ ಘೋಷಿಸಿದರು. ಕೇಳೋಕೆ ಚೆನ್ನಾಗಿದೆ. ಸರ್ವೆಗೆ ಬಂದವರು ಕೇಳೋದು ಮನೆ ಎಷ್ಟು ಬಿತ್ತು ಅಂತ ಮಾತ್ರ ಅಲ್ಲ. ಮನೆ ಯಾರ ಹೆಸರಲ್ಲಿದೆ, ಖಾತೆ ಆಗಿದೆಯಾ, ಹಕ್ಕುಪತ್ರ ಎಲ್ಲಿ, ಆಧಾರ್ ಬ್ಯಾಂಕಿಗೆ ಲಿಂಕ್ ಆಗಿದೆಯಾ? ಮನೆಯ ಜೊತೆ ಟ್ರಂಕೂ ತೇಲಿಹೋದವರು ಏನು ತೋರಿಸಬೇಕು? ವಯನಾಡಿನಲ್ಲಿ ಭೂಕುಸಿತದ ನಂತರ ಕೇರಳ ಸರ್ಕಾರ ಮೇಪ್ಪಾಡಿಯಲ್ಲೇ ಶಿಬಿರ ಹಾಕಿ ಕಳೆದುಹೋದ ದಾಖಲೆಗಳನ್ನ ಮತ್ತೆ ಮಾಡಿಕೊಟ್ಟಿತು. ಕಚೇರಿ ಜನರ ಹತ್ತಿರ ಹೋಯಿತು. ನಮ್ಮಲ್ಲೂ ಇದನ್ನ ಸಂಪ್ರದಾಯ ಮಾಡಬೇಕು.

ಡಿಜಿಲಾಕರ್ ಇದೆಯಲ್ಲ ಅಂತ ನೀವು ಅನ್ನಬಹುದು. ಇದೆ. ಅದು ತೆರೆಯೋಕೆ ಒಟಿಪಿ ಬೇಕು, ಒಟಿಪಿ ಬರೋದು ಆಧಾರ್‌ಗೆ ಕೊಟ್ಟ ನಂಬರಿಗೆ, ಆ ನಂಬರ್ ರೀಚಾರ್ಜ್ ಮಾಡದೆ ಸತ್ತು ಎರಡು ವರ್ಷ ಆಗಿರುತ್ತೆ. ಕೋಟೆ ಕಡೆಯ ಹಾಡಿಗಳಲ್ಲಿ ಇದು ಸಾಮಾನ್ಯ ಕಥೆ. ಊರಿಗೆ ಹೋದಾಗ ಈ ಮಳೆಗಾಲಕ್ಕೆ ಮುಂಚೆ ಮಾಡಬಹುದಾದ ಕೆಲಸ ಅಂದ್ರೆ ಇದು: ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ಪಹಣಿ, ಮಕ್ಕಳ ಮಾರ್ಕ್ಸ್ ಕಾರ್ಡು, ಎಲ್ಲದರ ಜೆರಾಕ್ಸ್ ತೆಗೆಸಿ ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ಒಂದು ಸೆಟ್ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಮನೆ ಮುಂದೆ ಮನೆಯವರನ್ನ ನಿಲ್ಲಿಸಿ ಒಂದು ಫೋಟೋ, ನಾಲ್ಕೂ ಗೋಡೆಯದ್ದು, ಕೊಟ್ಟಿಗೆಯದ್ದು ಒಂದೊಂದು ಫೋಟೋ ತೆಗೆದಿಡಿ, ದಿನಾಂಕ ಇರಲಿ. ನಾಳೆ ‘ಇಲ್ಲಿ ಮನೆ ಇತ್ತು’ ಅನ್ನೋದಕ್ಕೆ ಅದೇ ಸಾಕ್ಷಿ.

ಆದಿವಾಸಿ ಕುಟುಂಬಗಳಿಗೆ ಇದರ ಮೇಲೆ ಇನ್ನೊಂದು ಕಾಗದ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದ್ದಕ್ಕೆ ಕೊಟ್ಟ ಸ್ವೀಕೃತಿ. ಹಕ್ಕುಪತ್ರ ಸಿಗದಿದ್ದರೂ ಆ ಚೀಟಿ ಇರಲೇಬೇಕು, ಯಾಕಂದ್ರೆ ಅರ್ಜಿ ಬಾಕಿ ಇದೆ ಅನ್ನೋದನ್ನ ತೋರಿಸೋ ತುಂಡು ಅದೊಂದೇ.

ನಿಜ ಹೇಳಬೇಕು ಅಂದ್ರೆ ಗಂಟು ಕಟ್ಟೋದನ್ನ ಈ ತಾಲ್ಲೂಕಿನ ಜನಕ್ಕೆ ಯಾರೂ ಕಲಿಸಬೇಕಿಲ್ಲ. ಆನೆ ಹಿಡಿಯೋ ಖೆಡ್ಡಾ ನಡೀತಿದ್ದ ಕಾಕನಕೋಟೆಯ ಕಾಡು ಕಬಿನಿ ಹಿನ್ನೀರಿಗೆ ಹೋಯ್ತು. ಕೊನೆಯ ಖೆಡ್ಡಾ 1971ರಲ್ಲಿ, ಅಣೆಕಟ್ಟು ಮುಗಿದಿದ್ದು 1974ರಲ್ಲಿ. ಊರುಗಳೂ ಹಾಡಿಗಳೂ ಎದ್ದವು. ನಾಗರಹೊಳೆ ರಾಷ್ಟ್ರೀಯ ಉದ್ಯಾನ ಆದ ಮೇಲೆ ಜೇನುಕುರುಬರು, ಕಾಡುಕುರುಬರು ಮತ್ತೆ ಎದ್ದರು. ಇಂದಿಗೂ ಸೀಸನ್ ಬಂದರೆ ಜೀಪು ಹತ್ತಿ ಕೊಡಗಿನ ಲೈನ್‌ಮನೆಗೆ ಹೋಗ್ತಾರೆ. ಇವರೆಲ್ಲ ಐವತ್ತು ವರ್ಷದಿಂದ ಎಮರ್ಜೆನ್ಸಿ ಬ್ಯಾಗ್ ಹೊತ್ತುಕೊಂಡೇ ಬದುಕಿದ್ದಾರೆ. ‘ಸನ್ನದ್ಧರಾಗಿರಿ’ ಅಂತ ಇವರಿಗೆ ಹೇಳೋಕೆ ನನಗೆ ಸ್ವಲ್ಪ ನಾಚಿಕೆಯಾಗುತ್ತೆ.

ಜೊತೆಗೆ, ಇಲ್ಲಿ ರಾತ್ರಿ ಮನೆಯಿಂದ ಹೊರಡೋದೇ ಒಂದು ಅಪಾಯ. ಕತ್ತಲಲ್ಲಿ ಬ್ಯಾಗ್ ಹಿಡಿದು ಎತ್ತರದ ಜಾಗಕ್ಕೆ ನಡೆಯಿರಿ ಅಂದರೆ, ಆ ದಾರಿಯಲ್ಲಿ ಆನೆ ಇರುತ್ತೆ. 2025ರ ಕೊನೆಯಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಸತ್ತು, ಸರ್ಕಾರ ಸಫಾರಿಯನ್ನೇ ನಿಲ್ಲಿಸಬೇಕಾಯ್ತು. ಗಡಿಯಾಚೆ ಕೇರಳ 2024ರ ಮಾರ್ಚ್‌ನಲ್ಲಿ ಮಾನವ-ವನ್ಯಜೀವಿ ಸಂಘರ್ಷವನ್ನ ರಾಜ್ಯದ ವಿಪತ್ತು ಅಂತಲೇ ಘೋಷಿಸಿತು. ಹೊಳೆ ಬೇರೆ ಇಲಾಖೆ, ಹುಲಿ ಬೇರೆ ಇಲಾಖೆ ಅನ್ನೋದು ಕಡತಕ್ಕೆ ಸರಿ. ಹೊಳೆದಂಡೆಯಲ್ಲಿ ಮಲಗಿರೋರಿಗೆ ಎರಡೂ ಒಂದೇ ರಾತ್ರಿ ಬರುತ್ತೆ.

ಹಾಗಾದರೆ ಏನು ಕೆಲಸ ಮಾಡುತ್ತೆ? ಒಡಿಶಾ ನೋಡಿ. 1999ರ ಸೂಪರ್ ಸೈಕ್ಲೋನ್‌ನಲ್ಲಿ ಸತ್ತವರು ಸುಮಾರು 10 ಸಾವಿರ. 2013ರಲ್ಲಿ ಫೈಲಿನ್ ಬಂದಾಗ ಸುಮಾರು 10 ಲಕ್ಷ ಜನರನ್ನ ಮೊದಲೇ ಸ್ಥಳಾಂತರ ಮಾಡಿದರು, ಸಾವು ಹತ್ತಾರಕ್ಕೆ ಇಳಿಯಿತು. ಆ ಹದಿನಾಲ್ಕು ವರ್ಷದಲ್ಲಿ ಒಡಿಶಾದ ಬಡವರು ಬ್ಯಾಗ್ ಕೊಂಡಿರಲಿಲ್ಲ. ಸರ್ಕಾರ ಕರಾವಳಿಯುದ್ದಕ್ಕೂ ಗಟ್ಟಿ ಆಶ್ರಯ ಕಟ್ಟಡಗಳನ್ನ ಕಟ್ಟಿತ್ತು, ಊರಿನವರಿಗೇ ತರಬೇತಿ ಕೊಟ್ಟಿತ್ತು. ಯಾರು ಯಾರ ಮನೆಗೆ ಹೋಗಿ ಎಬ್ಬಿಸಬೇಕು ಅನ್ನೋದು ತೀರ್ಮಾನವಾಗಿತ್ತು.

ನಮ್ಮಲ್ಲಿ ಕಾನೂನು ಇಲ್ಲವೇ ಅಂದರೆ, ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರಬೇಕು, ಅದನ್ನ ಪ್ರತಿ ವರ್ಷ ಪರಿಷ್ಕರಿಸಬೇಕು. 41ನೇ ಸೆಕ್ಷನ್ ಪ್ರಕಾರ ಸ್ಥಳೀಯ ಸಂಸ್ಥೆಗಳೂ ಸಿಬ್ಬಂದಿಗೆ ತರಬೇತಿ ಕೊಟ್ಟು, ಸಲಕರಣೆಗಳನ್ನ ಬಳಕೆಗೆ ಸಿದ್ಧ ಇಡಬೇಕು, ಗ್ರಾಮ ಪಂಚಾಯಿತಿಯೂ ಅದರಲ್ಲಿ ಸೇರಿದೆ. ಆದರೆ ಜಿಲ್ಲೆಯ ಪಿಡಿಎಫ್ ಊರಿನ ಬೋರ್ಡಿಗೆ ಇಳಿಯಲ್ಲ. ಮಳೆಗಾಲದಲ್ಲಿ ‘ನದಿ ಪಾತ್ರದ ಜನ ಸುರಕ್ಷಿತ ಸ್ಥಳಗಳಿಗೆ ತೆರಳಬೇಕು’ ಅಂತ ಪ್ರಕಟಣೆ ಹೊರಡುತ್ತೆ. ಸುರಕ್ಷಿತ ಸ್ಥಳ ಯಾವುದು ಅಂತ ಹೆಸರಿಸಿದ ಪ್ರಕಟಣೆ ನಾನಂತೂ ಕಂಡಿದ್ದು ಕಡಿಮೆ. ಕೊಡಗಿನ ಸಿದ್ದಾಪುರದ ಬಳಿ ಕರಡಿಗೋಡಿನ ಹೊಳೆದಂಡೆ ಕುಟುಂಬಗಳಿಗೆ 2019ರ ನಂತರವೂ ಮಳೆಗಾಲ ಬಂತೆಂದರೆ ನೋಟಿಸ್ ಬರುತ್ತೆ, ಗಂಜಿ ಕೇಂದ್ರಕ್ಕೆ ಹೋಗ್ತಾರೆ, ವಾಪಸ್ ಅದೇ ದಂಡೆಗೆ ಬರ್ತಾರೆ. ಗಂಜಿ ಕೇಂದ್ರಕ್ಕೆ ಈಗ ‘ಕಾಳಜಿ ಕೇಂದ್ರ’ ಅಂತ ಹೆಸರು ಬದಲಾಗಿದೆ.

ವೈಯಕ್ತಿಕ ತಯಾರಿ ಬೇಡ ಅಂತ ನಾನು ಹೇಳ್ತಿಲ್ಲ. ಮೊದಲ ಕೆಲವು ಗಂಟೆ ಯಾರೂ ಬರಲ್ಲ, ಆ ಗಂಟೆಗಳಿಗೆ ಬ್ಯಾಗ್ ಬೇಕು. ನನ್ನ ತಕರಾರು ‘ನಿಮ್ಮ ಬ್ಯಾಗ್ ನೀವೇ ತುಂಬಿಸ್ಕೊಳ್ಳಿ’ ಅಂತ ಹೇಳಿ ಉಳಿದದ್ದರಿಂದ ಕೈ ತೊಳೆದುಕೊಳ್ಳೋ ರಾಜಕೀಯದ ಬಗ್ಗೆ. ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಬಹಳ ಸರಳ. ನಮ್ಮೂರಿಗೆ ಯಾವ ಕಟ್ಟಡ? ಅಲ್ಲಿ ನೀರು, ಶೌಚಾಲಯ ಇದೆಯಾ? ಸೇತುವೆ ಮುಳುಗಿದರೆ ಯಾವ ರಸ್ತೆ? ಯಾರ ಟ್ರ್ಯಾಕ್ಟರ್, ಡೀಸೆಲ್ ದುಡ್ಡು ಯಾರದ್ದು? ಹಾಸಿಗೆ ಹಿಡಿದವರನ್ನ ಎತ್ತೋರು ಯಾರು? ದನಗಳನ್ನ ಎಲ್ಲಿ ಕಟ್ಟೋದು? ದನಕ್ಕೆ ಜಾಗ ಇಲ್ಲ ಅಂದ್ರೆ ಹಳ್ಳಿಯವರು ಮನೆ ಬಿಡಲ್ಲ, ಇದನ್ನ ಬರೆಯದ ಯಾವ ಯೋಜನೆಯೂ ನಮ್ಮೂರಿಗೆ ಬರೆದಿದ್ದಲ್ಲ.

ದೊಡ್ಡಮ್ಮನ ಪ್ರಶ್ನೆಯನ್ನ ನಾನು ಸಂಬಂಧಪಟ್ಟ ಕಚೇರಿಯೊಂದರಲ್ಲಿ ಕೇಳಿದೆ. “ಸ್ಕೂಲ್ ಇದೆಯಲ್ಲ ಸಾರ್, ಅಲ್ಲಿಗೆ ಹೋಗ್ಬಹುದು” ಅಂದರು. ಬೀಗದ ಕೈ ಯಾರ ಹತ್ತಿರ ಇರುತ್ತೆ ಅಂದೆ. ಹೆಡ್‌ಮಾಸ್ಟರ್ ಹತ್ತಿರ. ಅವರಿರೋದು ಎಲ್ಲಿ? ಮೈಸೂರಿನಲ್ಲಿ.

ಊರಿಗೆ ವಾಪಸ್ ಬಂದು ವಿಚಾರಿಸಿದಾಗ, ಇನ್ನೊಂದು ಬೀಗದ ಕೈ ಬಿಸಿಯೂಟದ ಅಡುಗೆ ಮಾಡೋ ಅಕ್ಕನ ಹತ್ತಿರ ಇದೆ ಅಂತ ಗೊತ್ತಾಯ್ತು. ಅವರ ಮನೆ ದೊಡ್ಡಮ್ಮನ ಮನೆಯಿಂದ ನಾಲ್ಕು ಮನೆ ಆಚೆ. ಪವರ್ ಬ್ಯಾಂಕ್ ಮತ್ತು ಒಣಹಣ್ಣು ನಾನು ವಾಪಸ್ ತಂದೆ. ಬ್ಯಾಗಿನಲ್ಲಿ ಈಗ ಕಾಗದದ ಕವರು, ಮಾತ್ರೆ, ಟಾರ್ಚು, ಒಂದು ಕಂಬಳಿ ಇದೆ. ಹೊರಗಡೆ, ಜಿಪ್ ಪಕ್ಕದಲ್ಲಿ, ಆ ಅಕ್ಕನ ಫೋನ್ ನಂಬರನ್ನ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ.