ಸರಾಸರಿ ವೇಗ ಮತ್ತು ಹುಲ್ಲಿನ ಹೊರೆ

ಕಳೆದ ಚಳಿಗಾಲದಲ್ಲಿ ಭತ್ತದ ಗದ್ದೆಗಳನ್ನು ನೋಡಲೆಂದು ಸಿಂಧನೂರು ತಾಲ್ಲೂಕಿನ ಸಾಲಗುಂದಕ್ಕೆ ಹೋಗಿದ್ದೆ. ನಮ್ಮ ಘಟ್ಟದವರ ಕಣ್ಣಿಗೆ ಅದು ಬೇರೆಯೇ ಲೋಕ. ಎತ್ತ ನೋಡಿದರೂ ಸಮತಟ್ಟಾದ ಎರೆಭೂಮಿ, ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ. ಸಂಜೆ ಆತಿಥೇಯರ ಸೈಕಲ್ಲನ್ನು ಎರವಲು ಪಡೆದು ಹೊರಟೆ. ಊರಿನಲ್ಲಿ ಗಂಟೆಗೆ 10 ಕಿ.ಮೀ. ಸರಾಸರಿ ದಾಟಲು ಏದುಸಿರು ಬಿಡುವ ನನಗೆ ಮೊಬೈಲು 19 ಎಂದು ತೋರಿಸಿತು. ಹರೆಯ ಮರಳಿದಂತಾಯಿತು! ಕ್ಯಾರಿಯರಿನ ಮೇಲೆ ಹುಲ್ಲಿನ ಹೊರೆ ಹೇರಿಕೊಂಡು ನಿಧಾನವಾಗಿ ತುಳಿಯುತ್ತಿದ್ದ ಹಿರಿಯರೊಬ್ಬರನ್ನು ಹಿಂದೆ ಹಾಕಿದೆ. ಚಹಾದಂಗಡಿಯಲ್ಲಿ ಅವರೂ ಬಂದು ಕುಳಿತಾಗ ಅಂಕಿಯನ್ನು ತೋರಿಸಿದೆ. “ಇದರಾಗ ನನ್ನ ಹುಲ್ಲಿನ ಹೊರಿ ಲೆಕ್ಕಕ್ಕ ಬರತೈತೇನ್ರಿ ಸಾಹೇಬ್ರ?” ಎಂದು ಕೇಳಿ, ಚಹಾ ಕುಡಿದು ಹೊರಟುಹೋದರು.

ಪ್ರಶ್ನೆ ಅಪ್ಪಟ ವಿಜ್ಞಾನದ್ದು. ಬಯಲಿನಲ್ಲಿ ವೇಗವಾಗಿ ತುಳಿಯುವವನಿಗೆ ದೊಡ್ಡ ಎದುರಾಳಿ ಗಾಳಿ. ಏರುದಾರಿಯಲ್ಲಾದರೋ ಭೂಮಿಯ ಸೆಳೆತ. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ, ಸೈಕಲ್ ಸೇರಿ 80 ಕಿಲೋ ತೂಗುವ ಸವಾರ ಗಂಟೆಗೆ 10 ಕಿ.ಮೀ. ಸಾಗಬೇಕಾದರೆ ಆ ಏರಿಗೆಂದೇ ಸುಮಾರು 110 ವ್ಯಾಟ್ ತೆರಬೇಕು. ಬಯಲಿನಲ್ಲಿ ಅಷ್ಟೇ ಶ್ರಮಕ್ಕೆ 20ರ ಆಸುಪಾಸಿನ ವೇಗ ದೊರೆಯುತ್ತದೆ.

ಏರಿದ್ದನ್ನು ಇಳಿಯುವಾಗ ಗಳಿಸಬಹುದಲ್ಲ ಎನ್ನುವ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ. ಹತ್ತು ಕಿ.ಮೀ. ಏರನ್ನು 8ರ ವೇಗದಲ್ಲಿ ಹತ್ತಿ, ಅದೇ ದಾರಿಯನ್ನು 24ರ ವೇಗದಲ್ಲಿ ಇಳಿದರೆ ಸರಾಸರಿ 16 ಅಲ್ಲ, 12. ನಿಧಾನದ ದಾರಿಯಲ್ಲಿಯೇ ಹೆಚ್ಚು ಹೊತ್ತು ಕಳೆದಿರುತ್ತೇವೆ.

ಇದನ್ನು ಬರೆಯಲು ಕಾರಣ ನನ್ನ ಅಕ್ಕನ ಮಗ. ದಾವಣಗೆರೆಯ ಗೆಳೆಯನೊಬ್ಬ ದಿನವೂ ಕಳುಹಿಸುವ ಅಂಕಿಯನ್ನು ನೋಡಿ ನೋಡಿ, ಶಾಲೆಗೆ ಹೋಗುತ್ತಿದ್ದ ಸೈಕಲ್ಲನ್ನು ಕೊಟ್ಟಿಗೆಗೆ ಸೇರಿಸಿದ್ದಾನೆ. ಈಗ ಸ್ಕೂಟರಿಗಾಗಿ ಹಟ. ದಾರಿಬದಿಯ ನೇರಳೆ ಹಣ್ಣನ್ನೂ ಮಂಗಟ್ಟೆಯ ರೆಕ್ಕೆಯ ಸದ್ದನ್ನೂ ಅವನು ಕಳೆದುಕೊಂಡದ್ದು ಯಾವ ಯಂತ್ರದಲ್ಲಿಯೂ ನಮೂದಾಗಿಲ್ಲ. ಕೃಷಿಯಲ್ಲಿ ನಾವು ಹೀಗೆ ಹೋಲಿಸುವುದಿಲ್ಲ. ಸಿಂಧನೂರಿನ ಸೋನಾ ಮಸೂರಿಯನ್ನು ನಮ್ಮ ಇಂಟಾನಿನ ಪಕ್ಕದಲ್ಲಿಟ್ಟು ಇಳುವರಿ ಕೇಳುವ ಮೊದಲು ಮಣ್ಣು ಯಾವುದು, ಬಿಸಿಲು ಎಷ್ಟು, ನೀರು ಎಲ್ಲಿಯದು ಎಂದು ವಿಚಾರಿಸುತ್ತೇವೆ. ಹುಡುಗನ ಕಾಲುಗಳಿಗೆ ಮಾತ್ರ ಆ ನ್ಯಾಯವಿಲ್ಲ.

ದೂರದ ಸವಾರಿಯನ್ನೇ ವ್ರತವಾಗಿಸಿಕೊಂಡವರೂ ಇದನ್ನು ಬಲ್ಲರು. ಫ್ರಾನ್ಸಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿ 1891ರಲ್ಲಿ ಪಂದ್ಯವಾಗಿ ಹುಟ್ಟಿತು. ಇಂದು ಸುಮಾರು 1200 ಕಿ.ಮೀ. ದಾರಿಯನ್ನು ಹೆಚ್ಚೆಂದರೆ 90 ಗಂಟೆಗಳಲ್ಲಿ ಮುಗಿಸಿದರೆ ಆಯಿತು, ಸ್ಥಾನಪಟ್ಟಿ ಇಲ್ಲ. ಬೆಂಗಳೂರಿನಲ್ಲಿಯೂ ನಡೆಯುವ 200 ಕಿ.ಮೀ. ಬ್ರೆವೆಗೆ 13 ಗಂಟೆ 30 ನಿಮಿಷದ ಗಡುವು. ಅಂದರೆ, ನಿಲುಗಡೆ ಊಟ ಎಲ್ಲ ಸೇರಿ, ಗಂಟೆಗೆ 15 ಕಿ.ಮೀ.ಗಿಂತ ಕಡಿಮೆ.

ಅಷ್ಟು ದೂರ ಹೋಗುವುದೇಕೆ? ನಮ್ಮ ಹಳ್ಳಿಗಳ ಗಣೇಶೋತ್ಸವದಲ್ಲಿ ಸ್ಲೋ ಸೈಕಲ್ ರೇಸ್ ಇರುತ್ತಿತ್ತು. ಕಾಲು ನೆಲಕ್ಕೆ ಊರದೆ ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದವರಿಗೆ ಸ್ಟೀಲ್ ಲೋಟದ ಬಹುಮಾನ. ಈ ವರ್ಷ ನಮ್ಮೂರ ಸಮಿತಿಯವರನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ಅಳಿಯನ ಹೆಸರನ್ನು ನಾನೇ ಬರೆಸಿದ್ದೇನೆ. ಸೈಕಲ್ಲಿಗೆ ಗಾಳಿ ಹೊಡೆಸುವುದು ಬಾಕಿ.